ಹಗ್ಗಮೀನಿನ ಕಾವಲು

ಹಡಗಿನ ಅಡುಗೆ ಕೆಲಸಕ್ಕೆ ಮರಳಿ ಹೋಗುವಾಗ ಹುಸೇನಬಾಷಾ ಕುಷ್ಟಗಿಯ ಮನೆಯಲ್ಲಿ ಮೂರು ಜೀವ ಬಿಟ್ಟುಹೋಗಿದ್ದ: ತಾಯಿ ಜೈನಾಬೀ, ಹೆಂಡತಿ ನಸೀಮಾಬಿ, ಗಾಜಿನ ತೊಟ್ಟಿಯಲ್ಲಿ ಒಂದು ಹಗ್ಗಮೀನು. ಆಫ್ರಿಕದ ಯಾವುದೋ ಬಂದರಿನಲ್ಲಿ ಸಿಕ್ಕಿತ್ತಂತೆ. ಮೊಳದುದ್ದ, ಬೆರಳು ದಪ್ಪ. ಮೈಯೆಲ್ಲ ಹಾವು, ಮುಖ ಮಾತ್ರ ಸಾಧು ಮೀನಿನದು.

ಆಮೇಲೆ ದೂರದ ದೇಶಗಳಲ್ಲಿ ಶುರುವಾದ ಯುದ್ಧ ಸಮುದ್ರಕ್ಕೂ ಇಳಿಯಿತು. ಅವನ ಸುದ್ದಿ ನಿಂತುಹೋಯಿತು. ಕಣ್ಣಿಗೆ ಪೊರೆ ಬಂದು ಬೆಳಕು ನೆರಳಷ್ಟೇ ಕಾಣುತ್ತಿದ್ದ ಜೈನಾಬೀ ಬೆಳಗಾದರೆ ತೊಟ್ಟಿಯ ಮುಂದೆ ಕೂತು ಕೇಳುತ್ತಿದ್ದಳು.

“ಅದಾನೇನ?”

“ಅದಾನ್ರಿ ಅತ್ತಿ. ಕಲ್ಲಿನ ಮಗ್ಗಲಾಗ ಮಲಗ್ಯಾನ.”

“ಇಂವ ಛಲೋ ಇದ್ರ ನನ್ನ ಹುಸೇನನೂ ಛಲೋ ಇರ್ತಾನ.”

ಅತ್ತೆ ಹಾಗಂದ ದಿನದಿಂದ ನಸೀಮಾ ಎಲ್ಲಿದ್ದರೂ ಒಂದು ಕಣ್ಣು ತೊಟ್ಟಿಯ ಮೇಲೇ ಇಟ್ಟಿರುತ್ತಿದ್ದಳು. ಆದರೂ ಒಂದು ಮಧ್ಯಾಹ್ನ ಮೀನು ಮುಚ್ಚಳದ ಮೂಲೆಯಿಂದ ನುಸುಳಿ ಪಕ್ಕದ ಮನೆಯ ಅಂಗಳಕ್ಕೆ ಹರಿಯಿತು. ಅವಳು ಓಡಿಹೋದಾಗ ಬಸವಣ್ಣೆಮ್ಮ ಬಡಿಗೆ ಎತ್ತಿ ನಿಂತಿದ್ದಳು. ನಸೀಮಾ ಅದನ್ನು ಸೆರಗಿನಲ್ಲಿ ಬಾಚಿಕೊಂಡಳು.

“ಮಂದಿ ಗಂಡಂದಿರು ಮುಂಬೈಯಿಂದ ಬಂಗಾರ ತರ್ತಾರ. ನಿನ್ನ ಗಂಡ ಹಗ್ಗ ತಂದಾನ,” ಎಂದಳು ಬಸವಣ್ಣೆಮ್ಮ. “ಇನ್ನೊಮ್ಮಿ ಬಂದ್ರ ಮೀನೋ ಹಾವೋ ಅಂತ ನಾ ಕೇಳಂಗಿಲ್ಲ ನೋಡವಾ.”

ಜೈನಾಬೀಯ ಮನೆಯ ಪದ್ಧತಿಯಂತೆ ದೀಪ ಹಚ್ಚುವ ಹೊತ್ತಿಗೆ ನೀರಿನ ಪಾತ್ರೆ ಯಾವುದೂ ಅರೆಬರೆ ಇರಬಾರದು, ಬಾಯಿ ತೆರೆದಿರಲೂಬಾರದು. ಕೊಡ, ಹರವಿ, ಎಲ್ಲವನ್ನೂ ತುಂಬಿ, ಮುಚ್ಚಿ ಇಡಬೇಕು. ತೊಟ್ಟಿ ಮಾತ್ರ ನಾಲ್ಕು ಬೆರಳು ಖಾಲಿ ಇರಲೆಂದು ಹುಸೇನ ಹೇಳಿದ್ದ. ನೀರು ತುಳುಕದಿರಲೆಂದು ಹೇಳಿರಬೇಕು ಅಂದುಕೊಂಡಿದ್ದಳು ನಸೀಮಾ. ನೀರು ಸಾಲದೇ ಮೀನು ಹೊರಬಿತ್ತೇನೋ ಎಂದು ಈಗ ಅವಳಿಗೆ ಅನಿಸಿತು. ಉಳಿದ ಪಾತ್ರೆಗಳಂತೆ ತೊಟ್ಟಿಯನ್ನೂ ಅಂಚಿನವರೆಗೆ ತುಂಬಿದಳು. ಮೇಲೆ ಮೇಣ ಹಚ್ಚಿದ ಬಟ್ಟೆ ಬಿಗಿದು ಸುತ್ತಲೂ ಹುರಿ ಕಟ್ಟಿದಳು.

ಮೀನು ಮೇಲೆ ಬಂದು ಮೂತಿಯಿಂದ ಬಟ್ಟೆಯನ್ನು ಒತ್ತಿತು. ಮತ್ತೆ ಒತ್ತಿತು.

“ಮತ್ತ ಓಡಾಕ ನೋಡ್ತಿಯೇನ?” ಎಂದು ಬೈದು ಅವಳು ಹಲಗೆಯೊಂದನ್ನು ಹೇರಿದಳು. ಸ್ವಲ್ಪ ಹೊತ್ತಿಗೆ ಅದು ಸುಮ್ಮನಾಯಿತು. ಅವಳಿಗೂ ಸಮಾಧಾನವಾಯಿತು.

ಬೆಳಿಗ್ಗೆ ಹುರಿ ಬಿಚ್ಚಿದಾಗ ಮೀನು ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ಬಟ್ಟೆಗೂ ನೀರಿಗೂ ನಡುವೆ ಕೂದಲೆಳೆಯಷ್ಟೂ ಜಾಗವಿರಲಿಲ್ಲ. ದಿನಾ ಅದು ಮೇಲೆ ಬಂದು ಬಾಯಿ ತೆರೆದು ಗುಟುಕು ಗಾಳಿ ನುಂಗಿ ಹೋಗುತ್ತಿದ್ದುದನ್ನು ಅವಳು ನೋಡಿಯೇ ಇದ್ದಳು, ಆಟವೆಂದು ತಿಳಿದಿದ್ದಳು. ನೀರಿನ ಜೀವವನ್ನು ನೀರಿನಲ್ಲೇ ಉಸಿರುಗಟ್ಟಿಸಿದ್ದಳು.

ಬಚ್ಚಲ ಹಿಂದೆ ಹೂತು, ಕೈ ತೊಳೆದು ಒಳಗೆ ಬರುವಷ್ಟರಲ್ಲಿ ಅತ್ತೆ ತೊಟ್ಟಿಯ ಮುಂದೆ ಕೂತಾಗಿತ್ತು.

“ಅದಾನೇನ?”

ನಸೀಮಾ ಸೆರಗಿಗೆ ಕೈ ಒರೆಸಿಕೊಂಡಳು. “ಅದಾನ್ರಿ.”

“ಇವತ್ತು ನಾನ ಉಣಸ್ತೀನಿ ತಾ.”

ಜೈನಾಬೀ ತೊಟ್ಟಿಯ ಅಂಚು ಸವರಿ, ಸೊಸೆ ತಂದುಕೊಟ್ಟ ಎರೆಹುಳುಗಳನ್ನು ಒಂದೊಂದೇ ಬಿಟ್ಟಳು. “ತಿಂದಾನೇನ?”

“ಎಲ್ಲಾ ತಿಂದಾನ್ರಿ.”

“ಭಾಳ ಹಸದಿದ್ದ ಕೂಸು,” ಎಂದು ಮುದುಕಿ ಮುಖವರಳಿಸಿ, ನಮಾಜಿಗೆಂದು ಗೋಡೆ ಹಿಡಿದುಕೊಂಡು ಎದ್ದಳು. ಅವಳು ಅತ್ತ ತಿರುಗಿದ ಮೇಲೆ ನಸೀಮಾ ಸದ್ದಾಗದಂತೆ ನೀರಿನಲ್ಲಿ ಕೈಯಿಳಿಸಿ, ಇನ್ನೂ ಹೊರಳಾಡುತ್ತಿದ್ದ ಹುಳುಗಳನ್ನು ಒಂದೊಂದಾಗಿ ಆರಿಸತೊಡಗಿದಳು.