ಕೊನೆಯ ಸಾಲು

ನಮ್ಮಣ್ಣನಿಗೆ ಬೀದಿಯವರು ಇಟ್ಟ ಹೆಸರು ಹದ್ದಣ್ಣ. ಕನ್ನಡಕದಂಗಡಿ ನಡೆಸುತ್ತಾನೆ, ತಾನು ಮಾತ್ರ ಪತ್ರಿಕೆ ಓದುವಾಗ ಬಿಟ್ಟರೆ ಕನ್ನಡಕ ಮುಟ್ಟುವುದಿಲ್ಲ. ಎದುರು ಕಟ್ಟಡದ ಮೇಲ್ಮಹಡಿಯಲ್ಲಿ ಒಣಗಿಹಾಕಿದ ಅಂಗಿಯ ಗುಂಡಿ ಕಿತ್ತುಹೋಗಿದೆ ಎಂದು ಇಲ್ಲಿ ಕೂತೇ ಹೇಳುತ್ತಿದ್ದ. ನಿಜವೋ ಸುಳ್ಳೋ, ಹತ್ತಿ ನೋಡಿ ಬಂದವರು ಯಾರು? ಹೆಸರು ಅಂಟಿಕೊಂಡಿತು. ಅವನಿಗೂ ಅದು ಹಿತವಾಗಿತ್ತು.

ಅಂಗಡಿಯ ಮುಂಭಾಗ ನನ್ನದು. ಸಡಿಲಾದ ಸ್ಕ್ರೂ ಬಿಗಿಮಾಡುವುದು, ಮೂಗಿಗೆ ಒತ್ತುವುದನ್ನು ಸರಿಪಡಿಸುವುದು, ಯಾವ ಚೌಕಟ್ಟು ಹಾಕಿದರೂ ತಾವು ಚೆಂದ ಕಾಣುವುದಿಲ್ಲ ಎನ್ನುವವರಿಗೆ ಸಮಾಧಾನ ಹೇಳುವುದು. ಪರದೆಯ ಹಿಂದಿನ ಕೋಣೆ ಅಣ್ಣನದು. ಅಲ್ಲಿ ಒಂದು ಎತ್ತರದ ಕುರ್ಚಿ, ಎದುರಿನ ಗೋಡೆಗೆ ಅಂಕಿಗಳ ಪಟ. ಮೇಲೆ ದಪ್ಪ ಅಂಕಿ, ಕೆಳಗಿಳಿದಂತೆ ಸಣ್ಣದು, ಕೊನೆಯ ಸಾಲಿನಲ್ಲಿ ಇರುವೆಯಷ್ಟು. ಅಪ್ಪನ ಕಾಲದಿಂದ ಅದೇ ಪಟ ತೂಗುತ್ತಿತ್ತು.

ಕಣ್ಣು ಪರೀಕ್ಷೆ ಎಂದರೆ ತಲೆ ನರೆತವರೂ ಶಾಲೆಯ ಮಕ್ಕಳ ಹಾಗೆ ಬೆವರುತ್ತಾರೆ. ಅಂಥವರಿಗೆ ಅಣ್ಣ ಧೈರ್ಯ ಹೇಳುವ ಕ್ರಮವೊಂದಿತ್ತು.

"ಕೊನೇ ಸಾಲಲ್ಲಿ ತಡವರಿಸಿದ್ರೆ ನಾಚ್ಕೋಬೇಡಿ. ನಿಜವಾಗ್ಲೂ ನೋಡೋರು ಅಲ್ಲಿ ತಡವರಿಸ್ಲೇಬೇಕು. ಗಡಗಡ ಅಂತ ಓದಿದ್ರೆ ನನಗೇ ಅನುಮಾನ ಬರುತ್ತೆ."

ಇಷ್ಟು ಹೇಳಿ, ಎಡಗಣ್ಣಿಗೆ ಅಂಗೈ ಅಡ್ಡ ಹಿಡಿದು, ಆ ಕೊನೆಯ ಸಾಲನ್ನು ತಾನೇ ಗಡಗಡ ಓದುತ್ತಿದ್ದ. "ನಾಲ್ಕು, ಏಳು, ಎರಡು, ಒಂಬತ್ತು, ಮೂರು! ನನ್ನನ್ನ ಬಿಡಿ, ನಂದು ಹದ್ದಿನ ಕಣ್ಣು." ಜನ ನಗುತ್ತಿದ್ದರು. ಅವನ ಮಾತನ್ನೇ ಅವನಿಗೆ ಹಚ್ಚಿ ನೋಡಬೇಕೆಂದು ನಮಗಾರಿಗೂ ಹೊಳೆಯಲಿಲ್ಲ.

ಆ ಕುರ್ಚಿಯ ಹಿಂದೆಯೇ, ನಡುವಯಸ್ಸು ದಾಟಿದವರು ವರ್ಷಕ್ಕೊಮ್ಮೆ ಡಾಕ್ಟರ ಬಳಿ ಕಣ್ಣಿನ ಒತ್ತಡ ಪರೀಕ್ಷಿಸಿಕೊಳ್ಳಿ ಎಂಬ ಭಿತ್ತಿಪತ್ರವಿತ್ತು. ಬಂದವರನ್ನೆಲ್ಲ ಬೈದು ಅಲ್ಲಿಗೆ ಕಳಿಸುತ್ತಿದ್ದವನು ತಾನು ಹೋಗಲಿಲ್ಲ. ಅತ್ತಿಗೆ ಕೇಳಿದಾಗಲೆಲ್ಲ "ನೋಡೋಣ" ಅನ್ನುತ್ತಿದ್ದ. ಈ ನೋಡೋಣ ಎನ್ನುವ ಮಾತಿಗೆ ನಾನು ಬೆಂಕಿ ಹಚ್ಚಬೇಕು.

ಮನೆಯಲ್ಲಿ ಲೋಟಗಳು ಉರುಳುತ್ತಿದ್ದವು, ಯಾವಾಗಲೂ ಅವನ ಬಲಕ್ಕಿದ್ದವೇ. "ಇದನ್ನ ಇಲ್ಲಿ ಯಾರಿಟ್ಟೋರು?" ಎಂಬುದು ಬೆಳಗಿನ ಮಂತ್ರವಾಗಿತ್ತು. ಬಾಗಿಲ ಚೌಕಟ್ಟಿಗೆ ಬಲಭುಜ ತಾಗಿದರೆ ಬಡಗಿಯನ್ನು ಬೈಯುತ್ತಿದ್ದ. ಮದುವೆಯಾದ ಹೊಸತರಲ್ಲಿ ಅವನ ಎಡಕ್ಕೆ ನಡೆಯುತ್ತಿದ್ದ ಅತ್ತಿಗೆ ಯಾವಾಗಲೋ ಬಲಕ್ಕೆ ಬಂದಿದ್ದಳು. ಕೇಳಿದರೆ, "ಯಾರಾದ್ರೂ ಎದುರು ಬಂದ್ರೆ ಈ ಮನುಷ್ಯ ಜಾಗಾನೇ ಬಿಡಲ್ಲ ಕಣೆ" ಎಂದು ನಕ್ಕಳು. ಜಂಬ ಎಂದುಕೊಂಡೆವು.

ಒಂದು ಬೆಳಿಗ್ಗೆ ಅವನು ಬರುವ ಮೊದಲು ಪರದೆ ಹಿಂದಿನ ಕೋಣೆ ಒರೆಸಲು ಹೋದೆ. ಹಳೆಯ ಪಟ ಹಳದಿಯಾಗಿ, ಮೂಲೆಗಳು ಸುರುಳಿ ಸುತ್ತಿದ್ದವು. ಕನ್ನಡಕದ ಚೌಕಟ್ಟು ಮಾರುವವನು ಕೊಟ್ಟುಹೋದ ಹೊಸ ಪಟ ಬಹಳ ದಿನದಿಂದ ಕಪಾಟಿನಲ್ಲಿತ್ತು. ಅದನ್ನು ತೂಗುಹಾಕಿ, ಹಳೆಯದನ್ನು ಮಡಿಚಿ ಕಸಕ್ಕೆ ಹಾಕಿದೆ. ಅಣ್ಣನಿಗೆ ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಅವನ ಹಿಂದೆಯೇ ಗಿರಾಕಿಗಳು ಬಂದರು. ಹೇಳುವುದೇನು, ಕಣ್ಣೆದುರಿಗೇ ಇದೆಯಲ್ಲ ಎಂದು ಸುಮ್ಮನಾದೆ.

ಮೊದಲು ಕೂತವರು ಗಣಿತದ ಟೀಚರಮ್ಮ. ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಅಣ್ಣ ಎಂದಿನಂತೆ ಧೈರ್ಯ ಹೇಳಿ, ಎಡಗಣ್ಣು ಮುಚ್ಚಿ, ಗೋಡೆಯ ಕಡೆ ಗಲ್ಲ ಎತ್ತಿ ಹಾಡಿದ: "ನಾಲ್ಕು, ಏಳು, ಎರಡು, ಒಂಬತ್ತು, ಮೂರು!"

ಟೀಚರಮ್ಮ ಕಿಸಕ್ಕನೆ ನಕ್ಕರು. "ಒಂದೂ ಸರಿಯಿಲ್ವಲ್ಲ! ಅಲ್ಲಿ ಆರು, ಐದು, ಎಂಟು ಅಂತಿದೆ."

ಬೆಂಚಿನಲ್ಲಿ ಕಾಯುತ್ತಿದ್ದವರೂ ಪರದೆ ಸರಿಸಿ ನೋಡಿ ನಕ್ಕರು. ಹದ್ದಣ್ಣ ತಮಾಷೆ ಮಾಡುತ್ತಿದ್ದಾನೆ ಎಂದೇ ಎಲ್ಲರ ಲೆಕ್ಕ. ಅಣ್ಣನೂ ನಗಲು ನೋಡಿದ. ಅಂಗೈ ತೆಗೆದು ಗೋಡೆ ನೋಡಿದ, ಮತ್ತೆ ಮುಚ್ಚಿದ, ಮತ್ತೆ ತೆಗೆದ. ಅವನ ಮುಖದಲ್ಲಿ ಅಂಥ ಭಯವನ್ನು ನಾನು ಅಪ್ಪ ಹೋದ ದಿನವೂ ಕಂಡಿರಲಿಲ್ಲ.

ಡಾಕ್ಟರ ಬಳಿ ಅಂದೇ ಹೋದೆವು. ಒಳಗಿನ ಒತ್ತಡ ಏರಿ ಏರಿ ನರ ಒಣಗಿದೆ, ಬಲಗಣ್ಣಿಗೆ ಬರಿಯ ಬೆಳಕಿನ ಸುಳಿವಷ್ಟೇ ಉಳಿದಿದೆ, ಎಡಗಣ್ಣಿನಲ್ಲಿ ಕೊಳವೆಯೊಳಗಿಂದ ನೋಡಿದಷ್ಟು ಮಾತ್ರ ಎಂದರು. ನೋವಿಲ್ಲದೆ ಬರುವ ರೋಗ. ಹನಿ ಔಷಧಿ ಹಾಕಿದರೆ ಉಳಿದದ್ದು ಬಹುಶಃ ಉಳಿಯುತ್ತದೆ.

"ಹೋಗಿರೋದು?" ಅತ್ತಿಗೆ ಕೇಳಿದಳು.

"ಹೋಗಿರೋದು ಬರಲ್ಲಮ್ಮ."

"ಅಂಗಡಿ ತುಂಬ ಕನ್ನಡಕ ಇದೆ ಡಾಕ್ಟ್ರೇ. ಯಾವುದೂ ಆಗಲ್ವಾ?"

ಡಾಕ್ಟರ್ ಹನಿ ಔಷಧಿಯ ಚೀಟಿ ಬರೆದು ಅವಳ ಕೈಗಿಟ್ಟರು. ಇದು ರಕ್ತದಲ್ಲಿ ಬರುವಂಥದ್ದು, ಒಡಹುಟ್ಟಿದವರೂ ತಡಮಾಡದೆ ಪರೀಕ್ಷಿಸಿಕೊಳ್ಳಬೇಕು ಎಂದು ನನ್ನ ಕಡೆ ನೋಡಿ ಹೇಳಿದರು. ನಾನು ತಲೆಯಾಡಿಸಿದೆ.

ಮನೆಗೆ ಬಂದು ಅವನ ಮೇಲೆ ಹರಿಹಾಯ್ದೆ. ಅಳು ತಡೆಯಲು ನನಗೆ ಗೊತ್ತಿರುವುದು ಅದೊಂದೇ ದಾರಿ. "ದಿನಾ ಎಡಗಣ್ಣು ಮುಚ್ಚಿ ನಿಲ್ತಿದ್ಯಲ್ಲ, ಕತ್ತಲೆ ಅಂತ ಗೊತ್ತಾಗ್ಲಿಲ್ವಾ?"

"ಒಂದೇ ದಿನ ಕತ್ತಲೆ ಆಗಿದ್ರೆ ಗೊತ್ತಾಗ್ತಿತ್ತು," ಅಂದ. "ಸ್ವಲ್ಪ ಮಂಜು ಅನ್ನಿಸ್ತಿತ್ತು. ಆದ್ರೂ ಅಂಕಿ ಕಂಡ ಹಾಗೇ ಇರ್ತಿತ್ತು ಕಣೆ. ನಾಲಿಗೆ ಹೇಳ್ತಿತ್ತು, ಕಣ್ಣು ಹೂಂ ಅಂತಿತ್ತು."



ಈಗ ಅಂಗಡಿಯಲ್ಲಿ ಪರೀಕ್ಷೆ ಇಲ್ಲ, ಮಾರಾಟ ಮಾತ್ರ. ಹೊತ್ತುಹೊತ್ತಿಗೆ ಅತ್ತಿಗೆ ಹನಿ ಹಾಕುತ್ತಾಳೆ. ಅಣ್ಣ ಮಾತ್ರ ದಿನಕ್ಕೊಮ್ಮೆ ನನ್ನನ್ನು ಕೇಳುತ್ತಾನೆ: "ಡಾಕ್ಟ್ರ ಹತ್ರ ಯಾವಾಗ ಹೋಗ್ತೀಯ?" ಅಂಗಡಿಯಲ್ಲಿ ಯಾರು ಕೂರುತ್ತಾರೆ, ಆರಿದ ಕಾಫಿಯನ್ನು ನಿನಗೆ ಯಾರು ಬಿಸಿ ಮಾಡಿಕೊಡುತ್ತಾರೆ, ಸೂಜಿಗೆ ದಾರ ಪೋಣಿಸುವ ಕಣ್ಣಿಗೆ ಏನಾಗಿದೆ ಎಂದು ನಾನು ಒಂದಿಲ್ಲೊಂದು ಹೇಳುತ್ತಿದ್ದೆ. ನೋಡೋಣ ಎಂದಿರಲಿಲ್ಲ, ಅಷ್ಟೇ.

ನಿನ್ನೆ ಅವನು ಗೋಡೆ ಸವರಿಕೊಂಡು ಪರದೆಯ ಹಿಂದೆ ಹೋಗಿ ಕರೆದ. "ಬಾ ಇಲ್ಲಿ. ಕೂತ್ಕೋ."

ಮುದುಕನ ಮನಸ್ಸು ಯಾಕೆ ನೋಯಿಸಬೇಕು ಎಂದು ಕೂತೆ. ಅವನ ಅಂಗೈ ನನ್ನ ಮುಖ ತಡಕಿ, ಎಡಗಣ್ಣನ್ನು ಮುಚ್ಚಿತು. ಬೆಚ್ಚಗಿತ್ತು.

"ಕೊನೇ ಸಾಲು ಓದು."

"ಆರು, ಐದು, ಎಂಟು, ಎರಡು, ಏಳು. ಸಾಕಾ? ಗಿರಾಕಿ ಬಂದ್ರೆ..."

ಅವನು ಕೈ ತೆಗೆಯಲಿಲ್ಲ. "ನೀನು ತಡವರಿಸ್ಲಿಲ್ಲ," ಅಂದ.

ಆ ಪಟವನ್ನು ದಿನವೂ ಒರೆಸುವವಳು ನಾನು. ಮತ್ತೊಮ್ಮೆ ಕೊನೆಯ ಸಾಲು ನೋಡಿದೆ. ಆರು ಇತ್ತು. ಐದೂ ಇತ್ತು. ಅವು ಗೋಡೆಯ ಮೇಲಿವೆಯೋ ನನ್ನ ನಾಲಿಗೆಯ ಮೇಲಿವೆಯೋ, ಎಷ್ಟು ಕಣ್ಣರಳಿಸಿದರೂ ಬಗೆಹರಿಯಲಿಲ್ಲ.

"ಅಣ್ಣಾ," ಅಂದೆ, "ನನಗೆ ಗೊತ್ತಾಗ್ತಿಲ್ಲ."

ಬೀಗ ಹಾಕಲು ಅವನು ತಾನೇ ಹೊರಟ. ಬೀಗದ ತೂತು ಸಿಗದೆ ತಡಕಾಡಿದ. ನಾನು ಕೈ ಹಿಡಿದು ತೋರಿಸಿದೆ. ಮಟಮಟ ಮಧ್ಯಾಹ್ನ ಅಂಗಡಿ ಮುಚ್ಚಿ, ಡಾಕ್ಟರ ಬಳಿಗೆಂದು ಇಬ್ಬರೂ ಬೀದಿಗಿಳಿದೆವು. ಅವನ ಬಲಕ್ಕೆ ನಾನಿದ್ದೆ. ನನ್ನ ಬಲಕ್ಕೆ ಯಾರೂ ಇರಲಿಲ್ಲ.