ಹೊರಗಿನವರು ಉಂಡ ಮೇಲೆ

ಅಜ್ಜಿ ದೇವರಿಗೆ ಮಾತು ಕೊಟ್ಟರು, ಅದನ್ನು ಉಳಿಸಲು ಬೇಯಿಸಿ ಬೇಯಿಸಿ ಬೆಂದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನನ್ನ ಮಾತಿನಲ್ಲಿ ಖಾರ ಜಾಸ್ತಿಯಾಯಿತು ಅಂತ ಯಾರೂ ಮೂಗು ಮುರಿಯಬಾರದು.

ಅಜ್ಜಿ ಎಂದರೆ ನನ್ನ ಗಂಡನ ತಾಯಿ. ಮಗಳು ಹುಟ್ಟಿದಾಗಿನಿಂದ ನಾನೂ ಅವರನ್ನು ಅಜ್ಜಿ ಎಂದೇ ಕರೆಯುತ್ತೇನೆ. ಅತ್ತೆ ಎನ್ನಲು ನನಗೆ ನಾಲಿಗೆ ಹೊರಳುತ್ತಿರಲಿಲ್ಲ, ಕೇಳಲು ಅವರಿಗೂ ಅಷ್ಟಕ್ಕಷ್ಟೆ.

ನನ್ನ ಗಂಡ ಇನ್ನೂ ತೊದಲು ಮಾತಾಡುವ ವಯಸ್ಸಿನಲ್ಲಿ ಜ್ವರ ಬಂದು ಕಣ್ಣು ಮೇಲೆ ಮಾಡಿದ್ದರಂತೆ. ಡಾಕ್ಟರು ಕೈಚೆಲ್ಲಿದರು. ಆಗ ಅಜ್ಜಿ, ಮಗು ಉಳಿದರೆ ದಿನಾ ಹೊರಗಿನವರೊಬ್ಬರು ನಮ್ಮ ಮನೆಯಲ್ಲಿ ಕೂತು ಉಣ್ಣುವ ತನಕ ನಾನು ಒಂದು ತುತ್ತೂ ಬಾಯಿಗಿಡುವುದಿಲ್ಲ ಎಂದು ದೇವರಿಗೆ ಮಾತು ಕೊಟ್ಟುಬಿಟ್ಟರು. ಮಗು ಉಳಿಯಿತು. ಈಗ ಆ ಮಗುವಿಗೆ ಹೊಟ್ಟೆ ಬಂದಿದೆ, ನೆತ್ತಿ ಬೋಳಾಗಿದೆ, ಮಲಗಿದರೆ ಮನೆ ನಡುಗುವಂತೆ ಗೊರಕೆ ಹೊಡೆಯುತ್ತದೆ. ಮಾತು ಮಾತ್ರ ಹಾಗೇ ಇದೆ.

ಹಳೆಯ ಮನೆ ಬಸ್ ನಿಲ್ದಾಣಕ್ಕೆ ಅಂಟಿಕೊಂಡಿತ್ತು, ಹಾಗಾಗಿ ಅಲ್ಲಿ ತೊಂದರೆ ಇರಲಿಲ್ಲ. ಬಸ್ಸು ತಪ್ಪಿಸಿಕೊಂಡವರು ನೀರು ಕೇಳಲು ಬರುತ್ತಿದ್ದರು, ಉಂಡು ಹೋಗುತ್ತಿದ್ದರು. ಊಟಕ್ಕೆ ಮೊದಲು ಯಾರು, ಏನು ಎಂದು ಕೇಳಬಾರದು ಎನ್ನುವುದು ಅಜ್ಜಿಯ ಕಟ್ಟುನಿಟ್ಟು. ಒಮ್ಮೆ ಹಿತ್ತಲಿನಿಂದ ನುಗ್ಗಿದ ಕಳ್ಳನೊಬ್ಬ ಇವರ ಉಪಚಾರಕ್ಕೆ ಸಿಕ್ಕಿ, ಎರಡು ಸಲ ಬಡಿಸಿಕೊಂಡು, ಕೈತೊಳೆದು, ಮುಂಬಾಗಿಲಿನಿಂದ ಮರ್ಯಾದೆಯಾಗಿ ಹೋದ.

ನಿಲ್ದಾಣ ದೊಡ್ಡದು ಮಾಡುತ್ತೇವೆಂದು ಆ ಮನೆ ಕೆಡವಿದರು. ನಾವು ಒಂದು ಎತ್ತರದ ಕಟ್ಟಡದ ಏಳನೇ ಮಹಡಿಗೆ ಬಂದೆವು. ಅಲ್ಲಿಗೆ ಕಾಗೆಯೂ ಯೋಚನೆ ಮಾಡಿ ಬರಬೇಕು.

ಭಾನುವಾರ ಸಾಮಾನು ಹೊತ್ತು ತಂದ ಹಮಾಲಿಗಳು ಉಂಡರು. ಕಪಾಟಿನ ಮೇಲೆ ತಟ್ಟೆ ಇಟ್ಟುಕೊಂಡು ನಿಂತೇ ತಿನ್ನುತ್ತೇವೆ ಎಂದವರನ್ನು ಅಜ್ಜಿ ಬಿಡಲಿಲ್ಲ. ನಿಂತು ತಿಂದದ್ದು ದೇವರ ಲೆಕ್ಕಕ್ಕೆ ಬರುವುದಿಲ್ಲವಂತೆ. ಸೋಫಾ ಇನ್ನೂ ಲಾರಿಯಲ್ಲಿತ್ತು. ಅದನ್ನು ಮೊದಲು ತಂದು, ಅದರ ಮೇಲೆ ಕೂತು, ಆಮೇಲೆ ಉಂಡರು.

"ನೋಡು, ದೇವರು ಇಲ್ಲಿಗೂ ದಾರಿ ಕಂಡ್ಕೊಂಡ" ಎಂದರು ಅಜ್ಜಿ, ತಾವೂ ತಟ್ಟೆ ಎಳೆದುಕೊಳ್ಳುತ್ತಾ.

ಸೋಮವಾರ ದೇವರು ಕೊರಿಯರ್ ಸಮವಸ್ತ್ರದಲ್ಲಿ ಬಂದ. ಬಂದದ್ದು ನಮ್ಮ ಮನೆಗಲ್ಲ, ಎದುರು ಮನೆಗೆ. ಬಾಗಿಲ ಸಂದಿಯಲ್ಲಿ ಕಾದು ಕೂತಿದ್ದ ಅಜ್ಜಿ ಅವನ ತೋಳು ಹಿಡಿದು ಒಳಗೆ ಕರೆತಂದರು.

"ಅಜ್ಜಿ, ಇನ್ನೂ ಚೀಲದ ತುಂಬ ಪಾರ್ಸೆಲ್ ಇದೆ" ಎಂದ ಆತ.

"ಚೀಲ ತುಂಬಿದ್ರೆ ಆಯ್ತಾ? ಹೊಟ್ಟೆ ಏನಾಗಿದೆ ನೋಡು, ಬೆನ್ನಿಗೆ ಅಂಟ್ಕೊಂಡಿದೆ."

ಆತ ಉಂಡ. ಉಣ್ಣುತ್ತಾ ಉಣ್ಣುತ್ತಾ ತನಗೆ ಹೆಣ್ಣು ಸಿಗದ ಕಥೆಯನ್ನೆಲ್ಲ ಹೇಳಿದ. ಅಜ್ಜಿ ಕಣ್ಣೊರೆಸಿಕೊಂಡರು. ಬೆಳಗ್ಗೆ ನನಗೆ ಸೊಂಟ ಹಿಡಿದು ಬಗ್ಗಲಾಗದಿದ್ದಾಗ, "ವ್ಯಾಯಾಮ ಮಾಡು" ಎಂದಿದ್ದವರ ಕಣ್ಣುಗಳೇ ಇವು.

ಮಂಗಳವಾರ ಮಧ್ಯಾಹ್ನವಾದರೂ ಯಾರ ಸುಳಿವೂ ಇಲ್ಲ. ನನ್ನ ಗಂಡ ಸದ್ದಿಲ್ಲದೆ ಬಚ್ಚಲಿಗೆ ಹೋಗಿ ಚೆನ್ನಾಗಿದ್ದ ನಲ್ಲಿಯನ್ನು ಸ್ಪ್ಯಾನರಿನಿಂದ ಸಡಿಲ ಮಾಡಿ ಪ್ಲಂಬರ್‌ಗೆ ಫೋನು ಹಚ್ಚಿದರು. ಆತ ಬರುವ ಹೊತ್ತಿಗೆ ನೀರು ನಡುಮನೆಗೆ ಬಂದಿತ್ತು.

"ಸಾರ್, ಇದನ್ನ ಯಾರೋ ಬೇಕಂತ ಬಿಚ್ಚಿದಾರೆ" ಎಂದ ಪ್ಲಂಬರ್.

"ಹೌದಾ? ಎಂಥ ಜನ ಇರ್ತಾರೆ ನೋಡಿ. ಮೊದ್ಲು ಊಟ ಮಾಡ್ಬಿಡಿ" ಎಂದರು ನನ್ನ ಗಂಡ, ಪ್ಯಾಂಟು ಮಂಡಿಗೆ ಮಡಚಿಕೊಂಡು. ನೆಲ ಒರೆಸಿದ್ದು ಯಾರು ಎಂದು ಬೇರೆ ಹೇಳಬೇಕಿಲ್ಲ.

ಬುಧವಾರ ನಾವು ಯಾರನ್ನೂ ಹಿಡಿದು ತರಬೇಕಾಗಲಿಲ್ಲ. ಏಳನೇ ಮಹಡಿಯಲ್ಲಿ ಹೆಸರೂ ಕೇಳದೆ ಊಟ ಹಾಕುತ್ತಾರೆ ಎಂದು ಕೊರಿಯರ್‌ನವ ಊರೆಲ್ಲ ಟಾಂಟಾಂ ಹೊಡೆದಿದ್ದ. ಹಾಲಿನವರು, ಗ್ಯಾಸಿನವರು, ನಮ್ಮದಲ್ಲದ ಪಾರ್ಸೆಲ್ ಹಿಡಿದುಕೊಂಡವರು, ಕಾರ್ಪೆಟ್ ಇಲ್ಲದ ನಮ್ಮ ಮನೆಗೆ ಕಾರ್ಪೆಟ್ ತೊಳೆಯುವ ಯಂತ್ರ ಮಾರುವವರು, ಎಲ್ಲರೂ ಹಾಜರ್. ಪ್ಲಂಬರ್ ತನ್ನ ಭಾವಮೈದುನನನ್ನೂ ಕರೆದುಕೊಂಡು ಬಂದು, "ನಲ್ಲಿ ಹೇಗಿದೆ, ನೋಡ್ಕೊಂಡು ಹೋಗೋಣ ಅಂತ ಬಂದ್ವಿ" ಎಂದ. ನಲ್ಲಿಯ ಕಡೆ ಇಬ್ಬರೂ ತಿರುಗಿಯೂ ನೋಡಲಿಲ್ಲ. ಲಿಫ್ಟಿನ ಮುಂದೆ ಸಾಲು ನಿಂತಿತು. ಅಜ್ಜಿಯ ಮುಖದಲ್ಲಿ ಮದುವೆ ಮನೆಯ ಕಳೆ ಬಂತು, ನನ್ನ ಮುಖದಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಒಲೆಯ ಮುಂದೆ ಕನ್ನಡಿ ಇಟ್ಟಿರಲಿಲ್ಲ.

ಗುರುವಾರ ಕಟ್ಟಡದ ಸಂಘದ ಅಧ್ಯಕ್ಷರು ಕೆಂಡ ಕಾರುತ್ತಾ ಬಂದರು. ನಿವೃತ್ತ ಅಧಿಕಾರಿ, ಇಸ್ತ್ರಿ ಮಾಡಿದ ಅಂಗಿ. "ಏನ್ರೀ ಇದು, ಇದೇನು ಛತ್ರಾನಾ?" ಎಂದು ಶುರು ಮಾಡಿದರು. ಅಜ್ಜಿ ಅವರ ಮುಂದೆ ತಟ್ಟೆ ಇಟ್ಟರು.

"ಊಟ ಆದ್ಮೇಲೆ ಬೈಯಿರಪ್ಪ. ಹಸಿದ ಹೊಟ್ಟೇಲಿ ಬೈದ್ರೆ ಸುಸ್ತಾಗುತ್ತೆ."

ಅಧ್ಯಕ್ಷರು ಕೂತರು. ಮೂರು ಸಲ ಬಡಿಸಿಕೊಂಡರು. ಕೈತೊಳೆದು, ತೇಗಿ, ಬಿಟ್ಟ ಜಾಗದಿಂದಲೇ ಬೈಗುಳ ಮುಂದುವರಿಸಿದರು. ಉಂಡ ಮನೆಯ ಋಣವೆಂದು ಒಂದಿಷ್ಟು ತಗ್ಗಿದ ದನಿಯಲ್ಲಿ ಬೈದರು, ಅಷ್ಟೆ. ಸಂಜೆಯೊಳಗೆ ಕಾವಲುಗಾರನಿಗೆ ಅಪ್ಪಣೆಯಾಯಿತು: ಅಧ್ಯಕ್ಷರು ಖುದ್ದಾಗಿ ಹೂಂ ಅನ್ನದೆ ಹೊರಗಿನ ಒಂದು ನರಪಿಳ್ಳೆಯೂ ಒಳಗೆ ಬರಕೂಡದು. ಇಷ್ಟು ಹೇಳಿ ಅವರು ಮಗಳ ಮನೆಗೆಂದು ಪರವೂರಿಗೆ ಹೊರಟುಹೋದರು. ಫೋನು ಮನೆಯಲ್ಲೇ ಮರೆತಿದ್ದರು.

ಶುಕ್ರವಾರ ಯಾರೂ ಬರಲಿಲ್ಲ.

ನಾನು ಕಟ್ಟಡದ ಒಂದೊಂದೇ ಬಾಗಿಲು ತಟ್ಟಿದೆ. ಅರ್ಧದಷ್ಟು ಮನೆಗಳಿಗೆ ಬೀಗ, ಜನ ಕೆಲಸಕ್ಕೆ ಹೋಗಿದ್ದರು. ಮಿಕ್ಕವರು ಅಧ್ಯಕ್ಷರ ಸಿಟ್ಟಿಗೆ ಹೆದರಿ ಹೊಸ್ತಿಲು ದಾಟಲಿಲ್ಲ. ಎದುರು ಮನೆಯಾಕೆ ಸರಪಳಿ ತೆಗೆಯದೆಯೇ, "ನಾನು ತೂಕ ಇಳಿಸ್ತಿದೀನಿ" ಎಂದು ಬಾಗಿಲು ಹಾಕಿಕೊಂಡರು. ಕಾವಲುಗಾರನನ್ನು ಕೇಳಿದರೆ, "ಗೇಟು ಬಿಟ್ಟು ಬಂದ್ರೆ ಕೆಲಸ ಹೋಗುತ್ತೆ ಅಕ್ಕ. ಅಜ್ಜಿ ಕೈ ಊಟ ಅಂದ್ರೆ ಜೀವ, ಆದ್ರೆ ಕೆಲಸಾನೂ ಜೀವಾನೇ" ಎಂದ. ಊಟಕ್ಕೆ ಮನೆಯ ಹೊಸ್ತಿಲು ದಾಟಿಯೇ ಬರಬೇಕು. ತಟ್ಟೆ ಕೆಳಗೆ ಕಳಿಸಿದರೆ ಅಜ್ಜಿ ಒಪ್ಪುವವರಲ್ಲ.

ಅಜ್ಜಿ ನೀರು ಕುಡಿದು ಮಲಗಿದರು. ಶನಿವಾರ ಎದ್ದಾಗ ಅವರ ಕೈ ನಡುಗುತ್ತಿತ್ತು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವ ದೇಹ ಅದು. ಡಾಕ್ಟರು ಫೋನಿನಲ್ಲಿ, ಮಧ್ಯಾಹ್ನದೊಳಗೆ ಏನೂ ತಿನ್ನದಿದ್ದರೆ ಆಸ್ಪತ್ರೆಗೆ ಸೇರಿಸಿ, ಇಲ್ಲದಿದ್ದರೆ ಜೀವಕ್ಕೇ ಅಪಾಯ ಎಂದರು. ನನಗೆ ನಿಜವಾಗಿ ಭಯವಾಯಿತು. ಸಿಟ್ಟು ಇದ್ದಲ್ಲೇ ಇತ್ತು, ಅದರ ಪಕ್ಕದಲ್ಲಿ ಭಯವೂ ಬಂದು ಕೂತಿತು.

"ಅಮ್ಮ, ಸಾಕು. ಒಂದು ದಿನಕ್ಕೆ ದೇವರು ತಪ್ಪು ತಿಳ್ಕೊಳ್ಳಲ್ಲ" ಎಂದರು ನನ್ನ ಗಂಡ, ಅವರ ಕಾಲ ಬಳಿ ಕೂತು.

"ತಪ್ಪು ತಿಳ್ಕೊಂಡ್ರೆ? ಹೋಗೋದು ನಿನ್ ಜೀವ ಕಣೋ, ನಂದಲ್ಲ. ಅಷ್ಟು ಕಷ್ಟಪಟ್ಟು ಉಳಿಸ್ಕೊಂಡಿದೀನಿ" ಎಂದರು ಅಜ್ಜಿ. ಮಗನ ಬೋಳು ನೆತ್ತಿ ಸವರಿದರು.

ನನ್ನ ಗಂಡ ಎದ್ದು ಹೊರಗೆ ಹೋದರು. ಮಳೆಗಾಲದ ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡು ಕರೆಗಂಟೆ ಒತ್ತಿದರು. ಅಜ್ಜಿ ಗೋಡೆ ಹಿಡಿದುಕೊಂಡು ಹೋಗಿ ಬಾಗಿಲು ತೆಗೆದು, "ಕೀ ಮರ್ತು ಹೋದ್ಯಾ?" ಎಂದು ಕೇಳಿ ವಾಪಸ್ಸು ಬಂದು ಮಲಗಿದರು. ಹೊಟ್ಟೆಯಲ್ಲಿ ಹುಟ್ಟಿದವನು ಯಾವ ಟೋಪಿ ಹಾಕಿದರೂ ಹೊರಗಿನವನಾಗುವುದಿಲ್ಲ. ಮೊಮ್ಮಗಳ ಕಥೆಯೂ ಅದೇ.

ಆಗ ನನ್ನ ಮಗಳು, ಕಾನೂನು ಓದುವ ಹುಡುಗಿ, ಅಡಿಗೆಮನೆಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಅಮ್ಮ, ಜಗಳ ಬಂದಾಗೆಲ್ಲ ಅಜ್ಜಿ ನಿನಗೆ ಏನಂತಾರೆ?"

"ಏನಂತಾರೆ? ಹೊರಗಿನಿಂದ ಬಂದವಳು ನೀನು, ನಿನಗೇನು ಗೊತ್ತು ಅಂತಾರೆ."

"ಮತ್ತೆ ನೀನಿಲ್ಲೇನು ಮಾಡ್ತಿದೀಯ? ಹೋಗಿ ಬೆಲ್ ಒತ್ತು."

ಸಂಸಾರ ಶುರುವಾದಾಗಿನಿಂದ ನನ್ನನ್ನು ಚುಚ್ಚಿದ ಮಾತು ಹೀಗೆ ಕೆಲಸಕ್ಕೆ ಬರುತ್ತದೆಂದು ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಕೈ ಒರೆಸಿಕೊಂಡೆ, ಚಪ್ಪಲಿ ಮೆಟ್ಟಿದೆ, ಬ್ಯಾಗು ಹೆಗಲಿಗೆ ಹಾಕಿ ಹೊರಗೆ ಹೋಗಿ ಗಂಟೆ ಒತ್ತಿದೆ.

ಅಜ್ಜಿ ಬಾಗಿಲು ತೆಗೆದರು. ನನ್ನ ಮುಖ ನೋಡಿದರು, ಬ್ಯಾಗು ನೋಡಿದರು, ಮತ್ತೆ ಮುಖ ನೋಡಿದರು. ಇಲ್ಲವೆಂದರೆ ನೇರ ಆಸ್ಪತ್ರೆಯೇ.

"ಊಟದ ಹೊತ್ತಿಗೆ ಬಂದ್ಬಿಟ್ಟೆ, ತೊಂದರೆ ಆಯ್ತೇನೋ" ಎಂದೆ.

ಅವರು ಬಾಗಿಲ ಚೌಕಟ್ಟು ಹಿಡಿದು ಪಕ್ಕಕ್ಕೆ ಸರಿದರು. "ತೊಂದರೆ ಏನು ಬಂತು. ಬಾಮ್ಮ ಒಳಗೆ" ಎಂದರು.

ನನ್ನನ್ನು ಕೂರಿಸಿ, ತಾವೇ ಬಡಿಸಿದರು. ನಾನು ಸೊಸೆಯಾಗಿ ಬಂದ ಮೇಲೆ ಅವರು ನನಗೆ ಬಡಿಸಿದ್ದು ಅದೇ ಮೊದಲು. ನಾನು ಬೆಳಗ್ಗೆ ಬೇಯಿಸಿಟ್ಟ ಅನ್ನ, ನಾನೇ ಹೆಚ್ಚಿದ ತರಕಾರಿ. ನನ್ನ ಗಂಡನೂ ಮಗಳೂ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಉಪ್ಪು ಸರಿ ಇದ್ಯಾ?"

"ಸರಿ ಇದೆ."

"ನಮ್ಮ ಸೊಸೆ ಮಾಡಿದ್ದು. ಅವಳ ಕೈಯಲ್ಲಿ ಉಪ್ಪು ಯಾವತ್ತೂ ತಪ್ಪಲ್ಲ. ಅವಳ ಮುಂದೆ ಹೇಳಲ್ಲ ನಾನು, ತಲೆ ಮೇಲೆ ಕೂತ್ಕೋತಾಳೆ" ಎಂದರು ಅಜ್ಜಿ, ಇನ್ನಷ್ಟು ಹಾಕುತ್ತಾ.

ನಾನು ಕೈಯಲ್ಲಿದ್ದ ತುತ್ತು ತಟ್ಟೆಗೇ ಬಿಟ್ಟೆ. ನೀರು ಕುಡಿದೆ.

"ಯಾಕಮ್ಮ, ಮುಖ ಬಾಡಿದೆ? ಮನೇಲಿ ಏನಾದ್ರೂ ಕಷ್ಟಾನಾ?" ಎಂದು ಕೇಳಿದರು. ಕೊರಿಯರ್‌ನವನನ್ನು ಕೇಳಿದ ಅದೇ ದನಿ.

ಕೇಳಿದ ಮೇಲೆ ಬಿಡುವುದುಂಟೆ? ಹೇಳಿದೆ. "ನಮ್ಮತ್ತೆ ಇದಾರೆ. ಊರಿಗೆಲ್ಲ ತಾಯಿ. ಬಾಗಿಲಿಗೆ ಬಂದವರ ಹೊಟ್ಟೆ ಬೆನ್ನಿಗೆ ಅಂಟಿದ್ದು ಅವರಿಗೆ ಕಾಣುತ್ತೆ. ನಾನು ಸೊಂಟ ಹಿಡ್ಕೊಂಡು ಓಡಾಡೋದು ಕಾಣಲ್ಲ. ಮದುವೆಯಾಗಿ ಬಂದಾಗಿನಿಂದ ಒಂದೇ ಒಂದು ದಿನ, ಊಟ ಆಯ್ತಾ ಅಂತ ನನ್ನನ್ನ ಕೇಳಿದವರಲ್ಲ."

ಕೋಣೆಯ ಬಾಗಿಲಲ್ಲಿ ನನ್ನ ಗಂಡ ತಲೆಯ ಮೇಲೆ ಕೈಹೊತ್ತುಕೊಂಡರು.

ಅಜ್ಜಿ ಸೌಟು ಹಿಡಿದುಕೊಂಡೇ ಕೇಳಿಸಿಕೊಂಡರು. ಸೌಟನ್ನು ಪಾತ್ರೆಗೆ ಇಳಿಸಿ, "ಎಂಥ ಹೆಂಗಸಮ್ಮ ಅವಳು" ಎಂದರು. ಮತ್ತೆ, "ಮುದುಕಿ ಅಲ್ವಾ, ಮನೆಯವರಿಗೆ ಹಸಿವಾಗುತ್ತೆ ಅನ್ನೋದೇ ಮರ್ತು ಹೋಗಿರ್ಬೇಕು. ಜೀವ ಎಲ್ಲ ಆ ಮಗನ ಮೇಲಿಟ್ಟು, ಬಾಗಿಲು ನೋಡ್ತಾ ಕೂತಿದ್ರೆ ಹಿಂದೆ ಇರೋರು ಎಲ್ಲಿ ಕಾಣ್ತಾರೆ. ನೀನು ಹೊಟ್ಟೆ ತುಂಬ ಉಣ್ಣು" ಎಂದರು.

ಉಂಡೆ. ಮೂರು ಸಲ ಬಡಿಸಿಕೊಂಡು ಉಂಡೆ, ಅಧ್ಯಕ್ಷರಿಗಿಂತ ನಾನೇನು ಕಡಿಮೆ? ಕೈತೊಳೆದು, "ಬರ್ತೀನಮ್ಮ" ಎಂದೆ. "ಹೋಗ್ಬಾ" ಎಂದು ಬಾಗಿಲ ತನಕ ಬಂದು ಕಳಿಸಿಕೊಟ್ಟರು. ನಾನು ಹೊರಗೆ ಮೆಟ್ಟಿಲ ಮೇಲೆ ಕೂತು, ಯಾರಿಗೂ ಕಾಣದ ಹಾಗೆ ಅತ್ತುಬಿಟ್ಟೆ. ಅಳು ಮುಗಿದಾಗ ಮುಖ ಒರೆಸಿಕೊಂಡು, ಗಂಟೆ ಒತ್ತದೆ, ನನ್ನ ಕೀಲಿಯಿಂದಲೇ ಬಾಗಿಲು ತೆಗೆದು ಒಳಗೆ ಬಂದೆ.

ಅಜ್ಜಿ ಉಂಡು ಮುಗಿಸಿದ್ದರು. ಮುಖಕ್ಕೆ ಸ್ವಲ್ಪ ರಕ್ತ ಬಂದಿತ್ತು.

"ಎಲ್ಲಿ ಹಾಳಾಗಿ ಹೋಗಿದ್ದೆ ಇಷ್ಟು ಹೊತ್ತು? ಪಾತ್ರೆ ಎಲ್ಲ ಹಾಗೇ ಬಿದ್ದಿದೆ" ಎಂದು ಗದರಿದರು.

ನಾನು ಚಪ್ಪಲಿ ಬಿಟ್ಟು ಅಡಿಗೆಮನೆಯ ಕಡೆ ನಡೆದೆ. ಹಿಂದಿನಿಂದ ಅವರು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.

"ಊಟ ಆಯ್ತಾ ನಿಂದು?"

ತಿರುಗಿ ನೋಡಿದೆ. ಅವರು ನನ್ನ ಕಡೆ ನೋಡದೆ ಮೇಜಿನ ಮೇಲಿದ್ದ ಅನ್ನದ ಅಗುಳು ಆಯುತ್ತಿದ್ದರು. ನನ್ನ ಹೊಟ್ಟೆಯಲ್ಲಿ ಒಂದು ಕಾಳಿಗೂ ಜಾಗವಿರಲಿಲ್ಲ.

"ಇಲ್ಲ ಅತ್ತೆ" ಎಂದೆ.

"ಮತ್ತೆ ಕೂತ್ಕೋ" ಎಂದು ಅವರು ಇನ್ನೊಂದು ತಟ್ಟೆ ತೆಗೆದರು. ನಾನು ಕೂತು, ಮತ್ತೆ ಉಂಡೆ.