ಬಾಯಿ ಮುಚ್ಚಿದ ಗಾಳಿ ಪೈಪು

ಕೊಟ್ಟೂರಿನ ನಮ್ಮ ಓಣಿಯಲ್ಲಿ ಮೊದಲು ಪಾಯಖಾನೆ ಕಟ್ಟಿಸಿದ್ದು ನಾಗಲಿಂಗಮ್ಮನ ಮನೆಯವರು. ಮಗ ಗವಿಸಿದ್ದೇಶನ ಮದುವೆಯಾದ ವರ್ಷ, ಸೊಸೆ ಅಮೃತಾ ಚೊಂಬು ಹಿಡಿದು ಬಯಲಿಗೆ ಹೋಗಬಾರದೆಂದು ಹಿತ್ತಿಲಲ್ಲಿ ಗುಂಡಿ ತೋಡಿಸಿ, ಮೇಲೆ ಕಲ್ಲಿನ ಚಪ್ಪಡಿ ಮುಚ್ಚಿಸಿದರು. ಗುಂಡಿಯ ಗಾಳಿ ಹೊರಗೆ ಹೋಗಲೆಂದು ಗೋಡೆಗುಂಟ ಒಂದು ಪೈಪು ನಿಲ್ಲಿಸಿದರು. ಅದರ ಬಾಯಿ ದೇವರ ಕೋಣೆಯ ಕಿಟಕಿಯ ಮಗ್ಗುಲಿಗೇ ಬಂತು. ಕಟ್ಟುವಾಗ ಯಾರೂ ಅದನ್ನು ಯೋಚಿಸಲಿಲ್ಲ.

ನಾಗಲಿಂಗಮ್ಮನಿಗೆ ಬದುಕೆಂದರೆ ಬೆಳಗಿನ ಪೂಜೆ. ಮಿಂದು ಬಂದು, ಕೊರಳಿನ ಲಿಂಗವನ್ನು ಬಿಚ್ಚಿ ಎಡ ಅಂಗೈಯಲ್ಲಿಟ್ಟು, ಬಲಗೈಯಿಂದ ನೀರೆರೆದು, ಪತ್ರೆ ಏರಿಸಿ ಕೂತರೆ ಹಸಿವು ನೀರಡಿಕೆ ಮರೆಯುತ್ತಿದ್ದಳು. ಗಂಡ ತೀರಿಕೊಂಡ ದಿನವೂ ಅದು ತಪ್ಪಿರಲಿಲ್ಲ. ಈಗ ಕಣ್ಣು ಮುಚ್ಚಿದ ಕೂಡಲೇ ಗುಂಡಿಯ ನಾತ ಮೂಗಿಗೆ ಬಡಿಯುತ್ತಿತ್ತು. ಊದಿನಕಡ್ಡಿ ಹಚ್ಚಿದಳು, ಕಿಟಕಿಗೆ ಗೋಣಿ ಕಟ್ಟಿದಳು. ಕಡೆಗೆ ಮಗನ ಕೈಯಲ್ಲಿ ಪೈಪಿನ ಬಾಯಿಗೆ ಹಳೆಯ ಸೀರೆಯ ತುಂಡು ತುರುಕಿಸಿ, ಮೇಲೆ ಸಿಮೆಂಟು ಮೆತ್ತಿಸಿದಳು. ಪೂಜೆ ಮತ್ತೆ ನೆಮ್ಮದಿಗೆ ಬಂತು.

ಕಾರ್ಗಿಲ್ ಯುದ್ಧ ನಡೆದ ವರ್ಷದ ಶ್ರಾವಣದಲ್ಲಿ ಪಾಯಖಾನೆಯ ನೀರು ಇಳಿಯುವುದನ್ನು ನಿಲ್ಲಿಸಿತು. ಕೊಡ ಸುರಿದರೆ ಗುಳುಗುಳು ಎಂದು ಮೇಲಕ್ಕೇ ಬರುತ್ತಿತ್ತು. ಒಂದು ಮುಂಜಾನೆ ಬಚ್ಚಲಿನ ಜಾಲರಿಯಿಂದಲೂ ಹೊಲಸು ಉಕ್ಕಿತು. ಗವಿಸಿದ್ದೇಶ ಹರಪನಹಳ್ಳಿಗೆ ಮೆಕ್ಕೆಜೋಳ ಮಾರಲು ಹೋಗಿದ್ದ. ಅಮೃತಾ ಹೇಳಿಕಳಿಸಿ, ಪಾಯಖಾನೆ ಗುಂಡಿ ಬಳಿಯುವ ಕೂಡ್ಲಿಗಿಯ ಮಾರೇಶನನ್ನು ಕರೆಸಿದಳು.

ಮಾರೇಶ ಉದ್ದನೆಯ ಬಿದಿರ ದಬ್ಬೆಯನ್ನು ಕೊಳವೆಯಲ್ಲಿ ತೂರಿಸಿ ಎಳೆದು ನೋಡಿದ.

"ಅಮ್ಮಾರೆ, ನಿಮ್ಮನಿ ನೀರಿಗೂ ವಯಸ್ಸಾಗೈತಿ ನೋಡ್ರಿ, ಹೆಜ್ಜಿ ಎತ್ತಿಡವಲ್ದು" ಎಂದು ನಗಾಡಿದ. ಕೊಳವೆ ಕಟ್ಟಿಕೊಂಡಿಲ್ಲ, ಗುಂಡಿಯೇ ತುಂಬಿರಬೇಕು, ಚಪ್ಪಡಿ ತೆಗೆಯಬೇಕು ಎಂದ. ಹಾರೆ ಎತ್ತಿಕೊಳ್ಳುತ್ತ ಕೇಳಿದ, "ಗಾಳಿ ಪೈಪು ತೆರೆದೈತೇನ್ರಿ?"

ಮುಚ್ಚಿದೆ ಎಂದರೆ ಇವನು ಒಡೆದು ಹಾಕುತ್ತಾನೆ, ಶ್ರಾವಣವೆಲ್ಲ ನಾತದಲ್ಲೇ ಕೂರಬೇಕಾಗುತ್ತದೆ ಎಂದು ನಾಗಲಿಂಗಮ್ಮನಿಗೆ ಹೊಳೆಯಿತು.

"ತೆರೆದೈತಪಾ" ಎಂದಳು.

ಅಮೃತಾ ಏನೋ ಹೇಳಲು ಬಾಯಿ ತೆರೆದಳು. ಅತ್ತೆ ತಿರುಗಿ ನೋಡಿದ್ದಕ್ಕೆ ಬಚ್ಚಲು ತೊಳೆಯಲು ಹೋದಳು.

ಯಾವ ಗುಂಡಿಯ ಬಾಯಿ ತೆಗೆದರೂ ಮೊದಲು ಕಾಯಿ ಒಡೆದು ಕರ್ಪೂರ ಬೆಳಗುವುದು ಮಾರೇಶನ ವಾಡಿಕೆ. ಹೊಲಸಿನ ಕೆಲಸ, ಕೈಕಾಲಿಗೆ ಏನೂ ಆಗದಿರಲಿ ಎಂದು. ಅಲ್ಲಿಯವರೆಗೆ ಏನೂ ಆಗಿರಲಿಲ್ಲ. ಹಾರೆ ಮೀಟಿ ಚಪ್ಪಡಿಯನ್ನು ಒಂದು ಬೆರಳು ಸರಿಸಿ, ಕಾಯಿಯ ಹೋಳನ್ನು ನಾಗಲಿಂಗಮ್ಮನಿಗೆ ಕೊಟ್ಟ.

"ಲಿಂಗ ಹಿಡಿಯೋ ಕೈ ನಿಮ್ದು. ನೀವೇ ಬೆಳಗ್ರಿ."

ಅವಳಿಗೆ ಹಿಗ್ಗಾಯಿತು. ಹೋಳನ್ನು ಎಡ ಅಂಗೈಯಲ್ಲಿಟ್ಟು, ಕರ್ಪೂರ ಹಚ್ಚಿ, ಚಪ್ಪಡಿಯ ಸಂದಿಯತ್ತ ಬಗ್ಗಿದಳು.

ಒಳಗೆ ಕಟ್ಟಿಕೊಂಡಿದ್ದ ಗುಂಡಿಯ ಗಾಳಿಗೆ ಕಿಡಿ ತಾಗಿ, ಭುಗ್ ಎಂದು ಉರಿ ಆಳೆತ್ತರ ಎದ್ದಿತು. ಮಾರೇಶನ ಹುಬ್ಬು, ಮುಂಗೂದಲು ಸುಟ್ಟವು. ನಾಗಲಿಂಗಮ್ಮನ ನೈಲಾನ್ ಸೆರಗು ಹೊತ್ತಿಕೊಂಡಿತು. ಅದನ್ನು ಎಡಗೈಯಲ್ಲೇ ಹಿಸುಕಿ ಆರಿಸಲು ಹೋದಳು. ಸೆರಗು ಕರಗಿ ಅಂಗೈಗೆ ಅಂಟಿತು. ಮಾರೇಶ ಒದ್ದೆ ಗೋಣಿಯಲ್ಲಿ ಅವಳನ್ನು ಸುತ್ತಿ ನೆಲಕ್ಕೆ ಮಲಗಿಸಿದ.

"ತೆರೆದೈತಿ ಅಂದ್ರಲ್ರಿ ಅಮ್ಮಾರೆ" ಎಂದ, ಮೆಲ್ಲಗೆ.

ಉತ್ತರ ಕೊಟ್ಟವಳು ಓಡಿಬಂದ ಅಮೃತಾ. "ಮುಚ್ಚೈತಣ್ಣಾ. ಸಿಮೆಂಟು ಹಾಕ್ಸ್ಯಾರ."

ಬಳ್ಳಾರಿಯ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಅಂಗೈಯ ಚರ್ಮ ಮಾಯುವಾಗ ಸುಕ್ಕುಗಟ್ಟಿ ಬೆರಳುಗಳನ್ನು ಒಳಗೆಳೆದುಕೊಂಡಿತು. ಇನ್ನು ಈ ಮುಷ್ಟಿ ಬಿಚ್ಚುವುದಿಲ್ಲ ಎಂದರು ಡಾಕ್ಟರು.

ಗವಿಸಿದ್ದೇಶ ಸಿಮೆಂಟು ಒಡೆದು ಪೈಪಿನ ಬಾಯಿ ಬಿಡಿಸಿದ. ಮಾರೇಶ ಗುಂಡಿ ಬಳಿದು ಕೊಟ್ಟ, ಕಾಯಿ ಒಡೆಯಲಿಲ್ಲ. ನೀರು ಸರಾಗ ಇಳಿಯುತ್ತದೆ. ನಾತ ಮೊದಲಿನಂತೆ ದೇವರ ಕೋಣೆಗೆ ಬರುತ್ತದೆ. ಕಿಟಕಿ ಹಾಕಲೇ ಎಂದು ಅಮೃತಾ ಕೇಳಿದರೆ ನಾಗಲಿಂಗಮ್ಮ ಬೇಡವೆನ್ನುತ್ತಾಳೆ.

"ನನ್ನ ಅಂಗೈ ಮ್ಯಾಲಿಟ್ಟು ಪೂಜಿ ಮಾಡ್ರಿ, ಅತ್ತಿ" ಎಂದು ಒಂದು ದಿನ ಅಮೃತಾ ಕೈ ಚಾಚಿದಳು.

"ನಿನ್ನ ಲಿಂಗಕ್ಕ ಅದು ಬೇಕವ್ವಾ" ಎಂದು ನಾಗಲಿಂಗಮ್ಮ ಆ ಕೈಯನ್ನು ಸರಿಸಿದಳು.

ಈಗ ಅವಳು ಲಿಂಗವನ್ನು ಬಲ ಅಂಗೈಯಲ್ಲಿ ಹಿಡಿದು ಕೂರುತ್ತಾಳೆ. ನೀರೆರೆಯಲು ಬೇರೆ ಕೈಯಿಲ್ಲ. ಪತ್ರೆ ತಟ್ಟೆಯಲ್ಲೇ ಬಾಡುತ್ತದೆ.